ಮಳೆ ಇಲ್ಲದ ಊರಿಗೆ ಹೋದವರು

ಮೊನ್ನೆ ಟಾರ್ಚಿಗೆ ಸೆಲ್ ಹುಡುಕುತ್ತ ಮೇಜಿನ ಖಾನೆ ಎಳೆದೆ. ಸೆಲ್ ಸಿಗಲಿಲ್ಲ. ನಮ್ಮ ಮನೆಯಲ್ಲಿ ಹುಡುಕಿದ್ದು ಹುಡುಕಿದಾಗ ಸಿಗುವ ಪದ್ಧತಿ ಇಲ್ಲ. ಹೋದ ವರ್ಷ ಹುಡುಕಿ ಕೈಬಿಟ್ಟದ್ದು ಈ ವರ್ಷ ತಾನಾಗಿ ಎದುರಿಗೆ ಬಂದು ಕೂರುತ್ತದೆ. ಹಾಗೆ ಬಂದದ್ದು ಅತ್ತೆಯವರ ಕಪ್ಪು ಕನ್ನಡಕ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಪಕ್ಕದಿಂದಲೂ ಬೆಳಕು ನುಗ್ಗದ ಹಾಗೆ ಎರಡು ಕಡೆ ಮರೆ ಇರುವಂಥದ್ದು, ಅದೇ. ಒಂದು ಕಡ್ಡಿ ಮುರಿದಿದ್ದಕ್ಕೆ ಇವರು, ಎಂದರೆ ನನ್ನ ಗಂಡ ಲೋಕೇಶ್, ಬೇಲಿಯ ತಂತಿ ಸುತ್ತಿ ಗಟ್ಟಿ ಮಾಡಿದ್ದರು. ಸುಮ್ಮನಿರಲಾರದೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಬೇರೆ ಯಾವುದೋ ಗ್ರಹಕ್ಕೆ ಹೊರಟು ನಿಂತವಳ ಹಾಗೆ ಕಂಡೆ. ಟಾರ್ಚು ಮರೆತುಹೋಯಿತು. ಕನ್ನಡಕ ತೆಗೆಯದೆ ಅಲ್ಲೇ ಕುರ್ಚಿಯ ಮೇಲೆ ಕೂತು ಆ ಜನವರಿಯನ್ನು ನೆನೆಯತೊಡಗಿದೆ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇರೆ ಗ್ರಹದ ಕಾದಂಬರಿಗಳೆಂದರೆ ಪ್ರಾಣ. ಬೆಳಗೋಡಿನ ಕಡೆಯ ಕಾಫಿ ತೋಟದ ಹೆಂಗಸು ಐವತ್ತು ದಾಟಿದ ಮೇಲೆ ಏನು ಓದಬೇಕು ಎಂದು ಯಾರೂ ಕಟ್ಟಳೆ ಮಾಡಿಲ್ಲ, ನಿಜ. ಆದರೂ ಮದುವೆಮನೆಯ ಊಟದಲ್ಲಿ ಪಕ್ಕದ ಎಲೆಯವರು, 'ಈಗೇನು ಓದ್ತಾ ಇದೀರ?' ಎಂದು ಕೇಳಿದಾಗ, 'ಒಂದಷ್ಟು ಜನ ರಾಕೆಟ್ಟಿನಲ್ಲಿ ಹೋಗಿ ಒಂದು ಗ್ರಹದ ಮೇಲೆ ಇಳಿದಿದಾರೆ, ಮುಂದೇನಾಯ್ತು ಇನ್ನೂ ಗೊತ್ತಿಲ್ಲ' ಎನ್ನಲು ಸ್ವಲ್ಪ ಧೈರ್ಯ ಬೇಕು. ಅವರು ಹಪ್ಪಳ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಆಮೇಲೆ ಮಾತು ಕಾಳುಮೆಣಸಿನ ರೇಟಿಗೆ ಹೊರಳುತ್ತದೆ.

ಈ ಹುಚ್ಚು ಹತ್ತಿದ್ದು ನಾನು ಆಲೂರಿನಲ್ಲಿ ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ. ಅಪ್ಪ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತರು. ಅವರು ಯಾರಿಂದಲೋ ಹಳೇ ಸ್ಕೂಟರ್ ಕೊಂಡಾಗ ಅದರ ಜೊತೆಗೆ ಒಂದು ಕೆಂಪು ಹೆಲ್ಮೆಟ್ಟೂ ಬಂತು. ಆಗ ನಮ್ಮೂರಲ್ಲಿ ಹೆಲ್ಮೆಟ್ ಹಾಕುವವರೇ ಇರಲಿಲ್ಲ. ಅಪ್ಪನಿಗೆ ಅದನ್ನು ಹಾಕಿಕೊಂಡು ಸಂತೆ ಬೀದಿಯಲ್ಲಿ ಹೋಗಲು ನಾಚಿಕೆ. ಹೀಗಾಗಿ ಅದು ನನ್ನ ಪಾಲಿಗೆ ಬಂತು. ಚಂದ್ರನ ಮೇಲೆ ನಡೆಯುವವರು ತೇಲಿ ತೇಲಿ, ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ ಎಂದು ಯಾವುದೋ ಮಕ್ಕಳ ಪುಸ್ತಕದಲ್ಲಿ ಓದಿದ್ದೆ. ಮನೆಯ ಹಿಂದೆ ಭತ್ತ ಕೊಯ್ದ ಗದ್ದೆ ಖಾಲಿ ಬಿದ್ದಿತ್ತು. ಹೆಲ್ಮೆಟ್ ಹಾಕಿಕೊಂಡು ಆ ಕೂಳೆಗಳ ನಡುವೆ ಒಂದೊಂದು ಕಾಲನ್ನೂ ಎತ್ತಿ, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಮೆಲ್ಲಗೆ ಇಳಿಸುತ್ತ ಒಂದಿಡೀ ಮಧ್ಯಾಹ್ನ ನಡೆದೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ ಅಮ್ಮನಿಗೆ, 'ನಿಮ್ ಹುಡ್ಗಿ ಕಾಲಿಗೆ ಏನೋ ಆಗೈತೆ ಕಣ್ರೀ, ಹಾಸನಕ್ಕೆ ಕರ್ಕಂಡೋಗಿ ತೋರ್ಸಿ' ಎಂದಳು. ಅಮ್ಮ ಕೇಳಿದಾಗ ನಾನು ನಿಜವನ್ನೇ ಹೇಳಿದೆ, ಚಂದ್ರನ ಮೇಲೆ ನಡೀತಿದ್ದೆ ಅಂತ. ಅಂದು ರಾತ್ರಿ ಮಂಡಿಗೆ ಹರಳೆಣ್ಣೆ ಹಚ್ಚಿದ್ದಲ್ಲದೆ ಜ್ವರದ ಮಾತ್ರೆಯನ್ನೂ ನುಂಗಿಸಿದರು.

ಇರಲಿ. ಆ ಜನವರಿಯ ಕಾದಂಬರಿಗೆ ಬರುತ್ತೇನೆ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಹಳೇ ಪುಸ್ತಕ ಹರಡಿಕೊಂಡು ಕೂತವನ ಬಳಿ ಅದು ಸಿಕ್ಕಿತ್ತು. ರಟ್ಟು ಇಲ್ಲ, ಹೆಸರಿನ ಹಾಳೆಯಿಲ್ಲ, ಬರೆದವರು ಯಾರೆಂಬ ಗುರುತಿಲ್ಲ. ಯಾರೇ ಆಗಲಿ, ಅವರ ಹೊಟ್ಟೆ ತಣ್ಣಗಿರಲಿ. ಮನೆಗೆ ತಂದು ಹಳೇ ಪೇಪರಿನಲ್ಲಿ ಬೈಂಡು ಹಾಕಿದೆ. ಕಥೆ ಇಷ್ಟು. ಒಂದು ತಂಡ ಬಹಳ ದೂರದ ಒಂದು ಕೆಂಚು ಗ್ರಹಕ್ಕೆ ಹೋಗಿ ಇಳಿಯುತ್ತದೆ. ಅಲ್ಲಿ ಮಳೆಯಿಲ್ಲ, ಮರವಿಲ್ಲ, ಉಸಿರಾಡುವ ಗಾಳಿಯಿಲ್ಲ. ಒಂದು ಗಾಜಿನ ಗುಡಾರ ಹಾಕಿಕೊಂಡು ಅದರೊಳಗೆ ಇರುತ್ತಾರೆ. ತಂಡದಲ್ಲಿ ತಾರಿಣಿ ಎಂಬ ಹೆಣ್ಣುಮಗಳಿದ್ದಾಳೆ. ಆ ಮಣ್ಣಿನಲ್ಲಿ ಏನಾದರೂ ಬೆಳೆಯುತ್ತದೆಯೇ ಎಂದು ನೋಡುವುದು ಅವಳ ಕೆಲಸ. ನನಗೆ ಅದರಲ್ಲಿ ಬಹಳ ಹಿಡಿಸಿದ್ದು, ಹೊಸ ಜಾಗದಲ್ಲಿ ಮೊದಲ ಬಾರಿ ಕಾಲಿಡುವ ಪುಟಗಳು. ಬಾಗಿಲು ತೆರೆಯುತ್ತದೆ, ಆಕಾಶದ ಬಣ್ಣ ಬೇರೆ, ನೆರಳಿನ ಬಣ್ಣವೂ ಬೇರೆ, ತನ್ನ ಹೆಜ್ಜೆಯ ಸದ್ದು ತನಗೇ ಹೊಸದು. ಅಂಥ ಪುಟ ಬಂದಾಗ ನಾನು ಒಲೆಯ ಮೇಲಿನ ಹಾಲನ್ನೂ ಮರೆಯುತ್ತೇನೆ. ಮರೆತಿದ್ದೇನೆ ಕೂಡ, ಪಾತ್ರೆ ಈಗ ನಾಯಿಗೆ ಅನ್ನ ಹಾಕಲು ಉಪಯೋಗವಾಗುತ್ತಿದೆ.

ನಮ್ಮ ಅತ್ತೆ ನನಗಿಂತ ದೊಡ್ಡ ಓದುಗರು. ಪೇಪರನ್ನು ತಲೆಯಿಂದ ಬಾಲದವರೆಗೆ, ಟೆಂಡರು ಪ್ರಕಟಣೆಯನ್ನೂ ಬಿಡದೆ ಓದುತ್ತಿದ್ದವರು. ಆ ಹೊತ್ತಿಗೆ ಎರಡು ಕಣ್ಣಿಗೂ ಪೊರೆ ಬಂದು, ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಬಲಗಣ್ಣು ಪೂರ್ತಿ ಮಬ್ಬು. ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದಾಗ, 'ಹಣ್ಣು ಕುಯ್ಲು ಮುಗೀಲಿ' ಎಂದರು. ಅರೇಬಿಕಾ ಕುಯ್ಲು ಮುಗಿಯಿತು. 'ಸಸಿಮಡಿ ಮಾಡ್ಬುಡ್ತೀನಿ' ಎಂದರು. ಮನೆಯ ಹಿಂದೆ ಕಾಫಿ ಬೀಜಕ್ಕೆ ಮಡಿ ಮಾಡಿ, ಕಣ್ಣಿಗಿಂತ ಬೆರಳನ್ನೇ ನಂಬಿ ಸಾಲಾಗಿ ಬೀಜ ಊರಿ, ಮೇಲೆ ಹುಲ್ಲು ಮುಚ್ಚಿದರು. ಅದೂ ಆಯಿತು. ಆಮೇಲೆ ನೆಪ ಉಳಿಯಲಿಲ್ಲ. ಹೆದರಿಕೆ ಮಾತ್ರ ಉಳಿಯಿತು. ಒಂದು ದಿನ ಬಾಯಿಬಿಟ್ಟೇ ಹೇಳಿದರು.

'ಈಗ ಮಬ್ಬಾದ್ರೂ ನಿಮ್ ಮಕ ಕಾಣ್ತದೆ ಕಣಮ್ಮಿ. ಅವ್ರು ಕಟ್ಟಿದ ಬಟ್ಟೆ ಬಿಚ್ಚಿದಾಗ ಅದೂ ಇಲ್ಲ ಅಂದ್ರೆ?'

ನಾನು ಧೈರ್ಯ ಹೇಳಿದೆ. ಧೈರ್ಯ ಹೇಳುವುದು ನನಗೆ ಸ್ವಲ್ಪವೂ ಬರುವುದಿಲ್ಲ. ಬೇರೆ ಯಾರ್ಯಾರಿಗೋ ಏನೇನೋ ಆಗಿ, ಆದರೂ ಕೊನೆಗೆ ಸರಿಹೋಯಿತು ಎಂದೆಲ್ಲ ಹೇಳಿ ಇನ್ನಷ್ಟು ಹೆದರಿಸಿದೆ. ಅವರೇ ಸುಮ್ಮನಿರು ಎಂದು ಕೈಸನ್ನೆ ಮಾಡಿದರು.

ಜನವರಿಯೆಂದರೆ ನಮ್ಮಲ್ಲಿ ಕಣದ ಕಾಲ. ಕಾಫಿ ಹಣ್ಣನ್ನು ಅಂಗಳದಷ್ಟು ದೊಡ್ಡ ಕಣದಲ್ಲಿ ಹರಡಿರುತ್ತಾರೆ. ಬಿಸಿಲು ಏರಿದಾಗ ತಿರುವಿ ಹಾಕಬೇಕು, ನಾಯಿ ಕೋಳಿ ಬರದ ಹಾಗೆ ನೋಡಿಕೊಳ್ಳಬೇಕು. ಆ ಕಾವಲು ಅತ್ತೆಯವರದು. ಕಣದ ಅಂಚಿಗೆ, ಕಾಫಿ ಸ್ಟೋರಿನ ಸೂರಿನ ಕೆಳಗೆ, ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಒಂದು ಕೋಲು. ನಾನು ಪಕ್ಕದಲ್ಲಿ ಚೀಲದ ಮೇಲೆ ಕೂತು ನನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದೆ. ಎರಡನೇ ದಿನವೇ ಅವರಿಗೆ ತಡೆಯಲಾಗಲಿಲ್ಲ.

'ಒಬ್ಳೇ ಏನ್ ಮುಸಿಮುಸಿ ನಗ್ತೀಯ? ಗಟ್ಟಿಯಾಗ್ ಓದು.'

'ಇದು ನಿಮಗೆ ಹಿಡಿಸುತ್ತೋ ಇಲ್ವೋ ಅತ್ತೆ, ಬೇರೆ ಗ್ರಹದ ಕತೆ.'

'ಯಾವ್ದಾದ್ರೇನು, ಊರು ತಾನೆ? ಮಳೆ ಎಷ್ಟು ಅಲ್ಲಿ?'

ನಮ್ಮ ಕಡೆಯವರನ್ನು ನೀವು ಬಲ್ಲಿರಾದರೆ ಈ ಪ್ರಶ್ನೆಗೆ ನಗುವುದಿಲ್ಲ. ಕಾಫಿ ಬೆಳೆಯುವವರಿಗೆ ಒಂದು ಊರಿನ ಬಗ್ಗೆ ಮೊದಲು ತಿಳಿಯಬೇಕಾದ್ದು ಅದೇ. ಬೀಗರಿಗೆ ಫೋನು ಮಾಡಿದರೂ ಕ್ಷೇಮ ಕೇಳುವ ಮೊದಲು, 'ನಿಮ್ಮಲ್ಲಿ ಎಷ್ಟಿಂಚು ಆಯ್ತು?' ಎನ್ನುತ್ತೇವೆ. ಅಲ್ಲಿ ಮಳೆಯೇ ಇಲ್ಲ ಎಂದೆ.

'ಮಳೆ ಇಲ್ದೇ ಇರೋ ಊರಿಗೆ ಯಾಕೋದ್ರು, ಬೋರ್ ಕೊರ್ಸಕ್ಕಾ?' ಎಂದರು ಅತ್ತೆ. ಆಮೇಲೆ, 'ಸರಿ, ಓದು. ಹೋಗಾದಂತೂ ಹೋಗ್ಬುಟ್ಟವ್ರೆ' ಎಂದರು.

ಹೀಗೆ ಶುರುವಾಯಿತು. ಎಷ್ಟೋ ವರ್ಷ ಒಬ್ಬಳೇ ಓದಿದವಳಿಗೆ, ಓದುವಾಗ ಪಕ್ಕದಲ್ಲೊಬ್ಬರು ಕೂತು ಜಗಳ ಆಡಿದರೆ ಎಷ್ಟು ಸುಖ ಎಂದು ಗೊತ್ತಾದದ್ದು ಆಗಲೇ. ಗ್ರಹದ ಮೇಲೆ ಮನುಷ್ಯರ ತೂಕ ಅರ್ಧವಾಗುತ್ತದೆ ಎಂದು ಓದಿದರೆ, 'ನನ್ ಮಂಡಿನೋವಿಗೆ ಅದೇ ಸರಿಯಾದ ಊರು' ಎನ್ನುವರು. ಊಟಕ್ಕೆ ಬದಲು ಮಾತ್ರೆ ನುಂಗುತ್ತಾರೆ ಎಂದರೆ, 'ಮಾತ್ರೆ ನುಂಗಿ ಯಾರಾದ್ರೂ ಗೇಯಕ್ಕಾಯ್ತದಾ, ಒಂದ್ ಮುದ್ದೆನಾದ್ರೂ ಮಾಡ್ಕಬಾರ್ದಾ' ಎನ್ನುವರು. ಕಾದಂಬರಿಕಾರರು ನಡುನಡುವೆ ರಾಕೆಟ್ಟಿನ ಇಂಧನ, ಒತ್ತಡ, ವೇಗ ಎಂದು ಪುಟಗಟ್ಟಲೆ ವಿವರಣೆ ಕೊಡುತ್ತಿದ್ದರು. ನಾನು ವಿದ್ಯಾರ್ಥಿನಿಯ ಹಾಗೆ ಭಕ್ತಿಯಿಂದ ಓದುತ್ತಿದ್ದರೆ ಅತ್ತೆ ಕೋಲಿನಿಂದ ನೆಲ ಕುಟ್ಟಿ, 'ಅದನ್ನ ಬುಟ್ಟು ಮುಂದ್ಕೆ ಹೋಗು' ಎಂದು ಅಪ್ಪಣೆ ಮಾಡುತ್ತಿದ್ದರು. ಹಾಗೆ ಬಿಟ್ಟು ಓದಿದ ಮೇಲೆ ಕಾದಂಬರಿ ನಿಜವಾಗಿ ಚೆನ್ನಾಯಿತು.

ಆ ತಂಡದ ನಾಯಕನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾರಣ, ಅವನು ಬೆಳಿಗ್ಗೆ ಎದ್ದವನೇ ಗುಡಾರದ ಬಾಗಿಲು ತೆಗೆದು ಹೊರಗೆ ಹೊರಡುತ್ತಿದ್ದ. ನಮ್ಮಲ್ಲಿ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ಆನೆ ಮೆಸೇಜ್ ನೋಡುತ್ತೇವೆ. ಕಾಡಾನೆ ಯಾವ ತೋಟದಲ್ಲಿದೆ, ಯಾವ ಕಡೆಗೆ ಹೊರಟಿದೆ ಎಂದು ಅದರಲ್ಲಿ ಬಂದಿರುತ್ತದೆ. ಅದನ್ನು ನೋಡಿಯೇ ಆಳುಗಳನ್ನು ಯಾವ ಕಡೆ ಕಳಿಸಬೇಕು, ಕಳಿಸಬೇಕೋ ಬೇಡವೋ ಎಂದು ತೀರ್ಮಾನ. 'ಕೇಳಾದಿಲ್ಲ, ನೋಡಾದಿಲ್ಲ, ಬಾಗ್ಲು ತೆಗ್ದು ಹೊಂಟೇಬುಟ್ಟ. ಆಚೆ ಏನೈತೋ ಎತ್ತೋ' ಎಂದು ಅತ್ತೆ ಗೊಣಗುತ್ತಿದ್ದರು. ತಾರಿಣಿ ಮಾತ್ರ ಅವರಿಗೆ ಅಚ್ಚುಮೆಚ್ಚು. ಅವಳು ಗುಡಾರದೊಳಗೆ ಕೆಂಚು ಮಣ್ಣು ತಂದು ಮಡಿ ಮಾಡಿ ಹೆಸರುಕಾಳು ಹಾಕಿದಳು. ಅತ್ತೆ ಅದಕ್ಕೂ ತಿದ್ದುಪಡಿ ತಂದರು. 'ಹುಳ್ಳಿ ಹಾಕ್ಬೇಕಿತ್ತು. ನೀರು ಕಮ್ಮಿ ಸಾಕು. ನಮ್ ಪಾಳ್ಯದ ಕಡೆ ಹೊಲ ಮಾಡಿದ್ರೆ ಗೊತ್ತಿರದು ಅವ್ಳಿಗೆ.' ಅತ್ತೆಯ ತವರು ಪಾಳ್ಯದ ಕಡೆ, ರಾಗಿ ಹುರುಳಿಯ ಬಯಲು. ಹೆಸರುಕಾಳು ಬಹಳ ದಿನ ಮೊಳೆಯಲಿಲ್ಲ. ಅತ್ತೆಗೆ ಊಟ ಸೇರದಾಯಿತು. ಕೊನೆಗೊಂದು ದಿನ ಅದು ಎರಡೆಲೆ ಬಿಟ್ಟಾಗ, ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಒಂದು ಕೊಬ್ಬರಿಮಿಠಾಯಿ ಕೊಟ್ಟರು, ನಾನೇ ಮೊಳೆಸಿದ ಹಾಗೆ.

ಈ ನಡುವೆ ಇವರು ಅವ್ವನಿಗೆ ಹೇಳದೆ ಹಾಸನದಲ್ಲಿ ಆಪರೇಷನ್ನಿಗೆ ಸೋಮವಾರ ಗೊತ್ತು ಮಾಡಿಕೊಂಡು ಬಂದರು. ಅತ್ತೆ ಸಿಟ್ಟು ಮಾಡಿಕೊಳ್ಳಲಿಲ್ಲ. ಬಹಳ ಹೊತ್ತು ಕಣದ ಕಡೆ ನೋಡಿ, ನನಗೆ ಹೇಳಿದರು.

'ಕತೆ ಮುಗ್ಸಿ ಹೋಗನ. ಅವ್ಳೂ ಗೊತ್ತಿಲ್ದಿರೋ ಜಾಗಕ್ಕೆ ಹೋಗವ್ಳೆ, ನಾನೂ ಹೋಗ್ಬೇಕು. ಅವ್ಳು ಸರ್ಯಾಗಿ ಊರಿಗೆ ಬಂದ್ಳು ಅಂದ್ರೆ ನಾನೂ ಬರ್ತೀನಿ. ಅದು ಗೊತ್ತಾಗ್ದೆ ನಾನು ಜೀಪ್ ಹತ್ತಕಿಲ್ಲ.'

ಹೀಗೆ ಒಂದು ಹಳೇ ಕಾದಂಬರಿಯ ಕೊನೆಯ ಅಧ್ಯಾಯದ ಮೇಲೆ ನಮ್ಮ ಅತ್ತೆಯ ಬಲಗಣ್ಣು ನಿಂತಿತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಎದ್ದಾಗ ಉಳಿದಿದ್ದದ್ದು ಆ ಒಂದೇ ಅಧ್ಯಾಯ. ಉಂಡು ಬಂದು ಮುಗಿಸಿದರಾಯಿತು ಎಂದು ಪುಸ್ತಕವನ್ನು ಸ್ಟೋರಿನೊಳಗೆ ಚೀಲದ ಮೇಲಿಟ್ಟು ಮನೆಗೆ ಬಂದೆ. ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿರುವಾಗ ಇವರ ಮೊಬೈಲು ಕಿಣಿಕಿಣಿ ಎಂದಿತು. ಒಂಟಿ ಆನೆ ನಮ್ಮ ಕಡೆಗೇ ಬಂದಿದೆ, ಯಾರೂ ತೋಟಕ್ಕೆ ಇಳಿಯಬಾರದು ಎಂದು ಮೆಸೇಜ್. ಅದನ್ನು ಓದಿ ಮುಗಿಸುವಷ್ಟರಲ್ಲಿ ಸ್ಟೋರಿನ ಹಿಂದೆ ಬಗನೆ ಮರ ಮುರಿದ ಸದ್ದು ಕೇಳಿತು. ಮೆಸೇಜ್ ಕಳಿಸುವವರು ಅಂದು ಸ್ವಲ್ಪ ತಡ ಮಾಡಿದ್ದರು.

'ಕೂಗ್ಬೇಡಿ ಯಾರೂ,' ಎಂದರು ಇವರು, 'ಸ್ಟೋರ್ ಹಿಂದೇನೇ ಐತೆ.'

ಮನೆಗೂ ಸ್ಟೋರಿಗೂ ನಡುವೆ ಇರುವುದು ಒಂದು ಕಣ ಮಾತ್ರ. ಬೇರೆ ದಿನ ಸೊಪ್ಪು ಬಿಡಿಸುತ್ತ ನಡೆದುಹೋಗುವ ದೂರ. ಅಂದು ಕಿಟಕಿಯಿಂದ ನೋಡಿದರೆ ಅದು ನನಗೆ ಗ್ರಹ ಗ್ರಹಗಳ ನಡುವಿನ ಅಂತರವಾಗಿ ಕಂಡಿತು. ಸಂಜೆಯ ಕಡೆಗೆ ಹೊತ್ತು ಸರಿಯತೊಡಗಿದರೂ ಆನೆ ಕದಲಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತು, ಹಗುರಾದ ದನಿಯಲ್ಲಿ, 'ನಾಳೆ ಹಾಸ್ನ ಬ್ಯಾಡ ಬುಡು ಲೋಕ. ಆನೆ ಹೋಗ್ಲಿ, ಕತೆ ಮುಗೀಲಿ, ಮುಂದಿನ್ ತಿಂಗ್ಳು ನೋಡನ' ಎಂದರು. ಮುಖದಲ್ಲಿ ಶಾಲೆಗೆ ರಜ ಸಿಕ್ಕಿದ ಮಗುವಿನ ಕಳೆ.

ಇವರು ಎದ್ದರು. 'ಪುಸ್ತಕ ತಾನೆ? ತಂದೆ ಇರು.'

ಜೀವಮಾನದಲ್ಲಿ ಒಂದೂ ಕಾದಂಬರಿ ಓದದ ಮನುಷ್ಯ ಕಾದಂಬರಿಗಾಗಿ ಜೀಪು ಹತ್ತಿದರು. ನಡೆದು ಹೋಗುವ ಹಾಗಿಲ್ಲವಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಒಂದು ಚಿಟಿಕೆ ಬೂದಿ ಉದುರಿಸಿ ನೋಡಿದರು. ಜೀಪನ್ನು ಕಣದ ಅಂಚಿನಲ್ಲಿ ಬಸವನಹುಳದ ಹಾಗೆ ನಡೆಸಿ, ಸ್ಟೋರಿನ ಬಾಗಿಲಿಗೆ ಹೊಂದಿಸಿ ನಿಲ್ಲಿಸಿ, ಒಳಗೆ ನುಗ್ಗಿ, ಪೇಪರ್ ಬೈಂಡು ಹಾಕಿದ ಪುಸ್ತಕ ಹಿಡಿದು ವಾಪಸು ಬಂದರು. ಅತ್ತೆ ಅವಸರಪಡಿಸಿದರು. ನಾನು ಬಿಚ್ಚಿ, ಕಣ್ಣಿಗೆ ಬಿದ್ದ ಸಾಲನ್ನು ಓದಿದೆ.

'ಯಂತ್ರವನ್ನು ಚಾಲನೆ ಮಾಡುವ ಮೊದಲು ಎಲ್ಲ ನಟ್ಟುಗಳನ್ನೂ ಬಿಗಿಗೊಳಿಸಿ, ಎಣ್ಣೆ ಬಿಡತಕ್ಕದ್ದು.'

'ವಾಪಸ್ ಹೊಂಟ್ರು ಅಂತ ಕಾಣ್ತದೆ,' ಎಂದರು ಅತ್ತೆ ತೃಪ್ತಿಯಿಂದ.

ಅದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಜೊತೆ ಬಂದ ಕೈಪಿಡಿ. ಅದಕ್ಕೂ ನಾನೇ ಬೈಂಡು ಹಾಕಿದ್ದೆ. ಬೈಂಡು ಹಾಕುವುದು ನನ್ನ ಇನ್ನೊಂದು ಹುಚ್ಚು, ಅದರ ಬಗ್ಗೆ ಈಗ ಬೇಡ. ಇವರು ತಲೆ ಕೆರೆದುಕೊಂಡು, 'ನಂಗೆಂಗ್ ಗೊತ್ತಾಯ್ತದೆ ಮಾರಾಯ್ತಿ, ಎಲ್ಲಾ ಒಂದೇ ತರ ಅವೆ. ನೀನೇ ಬಾ' ಎಂದರು. ಎರಡನೇ ಯಾತ್ರೆಗೆ ನಾನೂ ಹೊರಟೆ.

ಸ್ಟೋರಿನ ಒಳಗೆ ಹೋಗಿ ಪುಸ್ತಕ ಕೈಗೆ ತೆಗೆದುಕೊಂಡೆ. ಹೊರಗೆ ಕಾಲಿಡಬೇಕು, ಇವರು ನನ್ನ ತೋಳು ಹಿಡಿದು ಎಳೆದು ಬಾಗಿಲು ಮುಂದೆ ಮಾಡಿದರು. ಕಿಟಕಿಯ ಸರಳಿನ ಸಂದಿಯಿಂದ ನೋಡಿದೆ. ಆನೆ ಗೋಡೆಯ ಮೂಲೆ ಸುತ್ತಿ ಕಣಕ್ಕೆ ಬಂದಿತ್ತು. ಅಷ್ಟು ದೊಡ್ಡ ಪ್ರಾಣಿ ಬಂದದ್ದಕ್ಕೆ ಸದ್ದೇ ಇರಲಿಲ್ಲ. ಜೀಪಿನ ಪಕ್ಕದಲ್ಲಿ ನಿಂತು, ಅತ್ತೆಯ ನೀಲಿ ಕುರ್ಚಿಯನ್ನು ಸೊಂಡಿಲಿನಿಂದ ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ನೆಲಕ್ಕೆ ಇಟ್ಟಿತು. ಎಸೆಯಲಿಲ್ಲ, ಇಟ್ಟಿತು. ಆಮೇಲೆ ಒಣ ಮಣ್ಣು ತೆಗೆದು ಬೆನ್ನಿಗೆ ಎರಚಿಕೊಂಡಿತು. ಬಿಸಿಲಿನಲ್ಲಿ ಆ ದೂಳು ಕೆಂಚಗೆ ಹರಡಿ, ಆನೆ ಅದರೊಳಗೆ ನಿಂತೇ ಇತ್ತು. ನನಗೆ ಬಹಳ ಹೆದರಿಕೆಯಾಯಿತು. ಸಂತೋಷವೂ ಆಯಿತು, ಎರಡೂ ಒಟ್ಟಿಗೆ ಹೇಗಾಯಿತೋ ಹೇಳಲಾರೆ. ಮದುವೆಯಾದಂದಿನಿಂದ ಕಸ ಗುಡಿಸಿದ ಕಣ ಅದು. ಆವತ್ತು ಅದನ್ನು ಮೊದಲ ಸಲ ನೋಡಿದೆ.

ಆನೆಗೆ ಅವಸರವಿರಲಿಲ್ಲ. ನಮಗೆ ಹೊರಗೆ ಬರುವ ಹಾಗಿರಲಿಲ್ಲ. ಕೈಯಲ್ಲಿ ಪುಸ್ತಕವಿತ್ತು. ನೀವಾದರೂ ಏನು ಮಾಡುತ್ತಿದ್ದಿರಿ? ಕಿಟಕಿಯ ಬೆಳಕಿಗೆ ಹಿಡಿದು ಕೊನೆಯ ಅಧ್ಯಾಯ ಓದಿ ಮುಗಿಸಿದೆ.

'ಏನಾಯ್ತು?' ಎಂದು ಪಿಸುಗುಟ್ಟಿದರು ಇವರು. ಅವರಿಗೂ ಕುತೂಹಲ ಹತ್ತಿತ್ತು.

'ತಾರಿಣಿ ವಾಪಸು ಬರಲ್ಲ ರೀ. ಉಳಿದವರೆಲ್ಲ ಹೊರಡ್ತಾರೆ. ಅವಳು ಅಲ್ಲೇ ಉಳ್ಕೋತಾಳೆ. ಇನ್ನೊಂದು ರಾಕೆಟ್ ಬರೋದು ಎಷ್ಟೋ ವರ್ಷ ಆದ್ಮೇಲೆ.'

ಇವರ ಮುಖ ಬಿಳಿಚಿಕೊಂಡಿತು. ಆನೆ ನೋಡಿದಾಗಲೂ ಅಷ್ಟು ಬಿಳಿಚಿರಲಿಲ್ಲ. 'ಅವ್ವಂಗೆ ಅದನ್ನ ಹೇಳ್ಬೇಡ ಕಣೇ. ಬಂದ್ಳು ಅಂತ ಓದ್ಬುಡು. ಪುಸ್ತಕ ಬರ್ದೋರೇನು ಬಂದು ಕೇಳ್ತಾರಾ?'

ಆನೆ ತೋಟಕ್ಕೆ ಇಳಿದ ಮೇಲೆ ನಾವು ಮನೆ ಸೇರಿದೆವು. ಅತ್ತೆ ಕಾಲು ಚಾಚಿ ಕೂತು, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಓದಿದೆ ಎಂದರೆ, ಪುಟ ನೋಡುತ್ತ ಬಾಯಿಗೆ ಬಂದದ್ದು ಹೇಳಿದೆ. ಒಂದು ಕಾದಂಬರಿಯನ್ನು ನಾನೇ ಕಟ್ಟುವ ಅವಕಾಶ ಸಿಕ್ಕಿದ್ದು ಅದೇ ಮೊದಲು, ಹಿಡಿತ ತಪ್ಪಿತು. ರಾಕೆಟ್ ಇಳಿಯಿತು. ಸಾವಿರಾರು ಜನ ಸೇರಿದ್ದರು. ಹೂವಿನ ಹಾರ ಹಾಕಿದರು. ತಾರಿಣಿಯ ತಾಯಿ ಓಡಿಬಂದು ತಬ್ಬಿಕೊಂಡಳು. ಮನೆಯಲ್ಲಿ ಅವಳಿಗೆಂದು ಹೋಳಿಗೆ ಮಾಡಿದ್ದರು. ಹೋಳಿಗೆಗೆ ತುಪ್ಪವನ್ನೂ ಹಾಕಿಸಿದೆ. ಇವರು ಬಾಗಿಲಲ್ಲಿ ನಿಂತು ಸಾಕು ಸಾಕು ಎಂದು ಸನ್ನೆ ಮಾಡುತ್ತಿದ್ದರು.

ಅತ್ತೆ ಕಣ್ಣು ಬಿಟ್ಟರು. 'ಮುಗೀತಾ?'

'ಮುಗೀತು ಅತ್ತೆ.'

'ಮಡಿ ಏನಾಯ್ತು?'

'ಯಾವ ಮಡಿ?'

'ಹೆಸ್ರುಕಾಳಿಂದು. ಎರಡೆಲೆ ಬಂದಿತ್ತಲ್ಲ. ಅದ್ಕೆ ನೀರು ಹಾಕೋರು ಯಾರು?'

ಹೋಳಿಗೆ ಮಾಡುವ ಗಡಿಬಿಡಿಯಲ್ಲಿ ಮಡಿಯನ್ನು ಪೂರ್ತಿ ಮರೆತಿದ್ದೆ.

'ತಿಂಗಳಾನುಗಟ್ಲೆ ಕಾದು, ಮಣ್ಣು ಹದ ಮಾಡಿ, ಸಸಿ ಎರಡೆಲೆ ಬುಟ್ ಮೇಲೆ ಯಾವಳಾದ್ರೂ ಹಂಗೇ ಬುಟ್ಟು ಎದ್ದು ಬರ್ತಾಳಾ? ಸುಳ್ಳು ಓದ್ಬೇಡ ಕಣಮ್ಮಿ. ಪುಸ್ತಕದಲ್ಲಿ ಇರಾದು ಓದು. ಹೋಳ್ಗೆ ನಿನ್ ಕಡೇದು ಅಂತ ಆಗ್ಲೇ ಗೊತ್ತಾಯ್ತು ನಂಗೆ.'

ಬೇರೆ ದಾರಿಯಿರಲಿಲ್ಲ. ಇದ್ದದ್ದನ್ನು ಓದಿದೆ. ಎಲ್ಲರೂ ಕರೆಯುತ್ತಾರೆ, ತಾರಿಣಿ ಬರುವುದಿಲ್ಲ ಎನ್ನುತ್ತಾಳೆ. ರಾಕೆಟ್ ಹೊರಟುಹೋಗುತ್ತದೆ. ಅವಳು ಗುಡಾರದ ಗಾಜಿನ ಬಳಿ ನಿಂತು, ಆಕಾಶದಲ್ಲಿ ನಮ್ಮ ಭೂಮಿ ಯಾವುದೆಂದು ಹುಡುಕುತ್ತಾಳೆ. ಒಂದು ಸಣ್ಣ ನೀಲಿ ಚುಕ್ಕೆ ಕಾಣುತ್ತದೆ. ಅದನ್ನು ನೋಡಿ, ಒಳಗೆ ಬಂದು, ಮಡಿಗೆ ನೀರು ಹಾಕುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ನಾಳೆಯ ಆಸ್ಪತ್ರೆಯ ಕತೆಯೂ ಮುಗಿಯಿತು ಅಂದುಕೊಂಡೆ.

ಅತ್ತೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು.

'ನಾನೂ ಹಂಗೇ ಕಣೇ. ಪಾಳ್ಯದಿಂದ ಇಲ್ಲಿಗೆ ಬಂದಾಗ ಹದಿನೇಳೋ ಹದಿನೆಂಟೋ. ಮದ್ವೆಗೆ ಬಂದಿದ್ದೋರೆಲ್ಲ ಗಾಡಿ ಹತ್ಕಂಡು ಹೋಗ್ಬುಟ್ರು, ನಾನೊಬ್ಳೇ ಉಳ್ಕಂಡೆ. ಮಳೆ ಹಿಡೀತು ನೋಡು, ತಿಂಗ್ಳುಗಟ್ಲೆ ಸೂರ್ಯನ ಮಕ ಕಾಣಾಕಿಲ್ಲ. ಕಾಲಿಗೆ ಇಂಬಳದ ಹುಳ ಕಚ್ಚಿ ರಕ್ತ ಸುರೀತಿದ್ರೆ, ನಂಗೆ ಏನೋ ರೋಗ ಬಂದ್ಬುಡ್ತು ಅಂತ ಅಳ್ತಿದ್ದೆ. ಮಳೆ ಬುಟ್ಟಾಗ ಗುಡ್ಡದ ಮೇಲೆ ನಿಂತ್ಕಂಡು ಪಾಳ್ಯ ಯಾವ ಕಡೆ ಅಂತ ನೋಡ್ತಿದ್ದೆ. ದಿನಾ ನೋಡ್ತಿದ್ದೆ.'

'ಆಮೇಲೆ?'

'ಆಮೇಲೆ ಏಲಕ್ಕಿ ನೆಟ್ಟೆ. ಅದು ಚಿಗುರ್ತು. ನೋಡಾದು ಯಾವಾಗ ಮರ್ತೋಯ್ತೋ ಗೊತ್ತಾಗ್ಲಿಲ್ಲ.' ಅವರು ಕೋಲಿಗೆ ಕೈಯೂರಿ ಎದ್ದರು. 'ಅವ್ಳಿಗೂ ಮರ್ತೋಯ್ತದೆ ಬುಡು. ಹೊಸಾ ಊರಿಗೆ ಹೋಗಾಕೆ ಎಲ್ರಿಗೂ ಹೆದ್ರಿಕೆನೇ. ನಾಳೆ ಎಷ್ಟೊತ್ಗೆ ಹೊರಡಾದು?'

ಬಾಗಿಲಲ್ಲಿ ನಿಂತಿದ್ದ ಇವರು ತಟ್ಟನೆ ಅಂಗಳಕ್ಕೆ ಇಳಿದುಹೋದರು. ಜೀಪಿಗೆ ಡೀಸೆಲ್ ಇದೆಯೇ ನೋಡಲು ಎಂದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಮರುದಿನ ಆಸ್ಪತ್ರೆಯಲ್ಲಿ ಅತ್ತೆ ನೆಟ್ಟಗೆ ನಡೆದು ಒಳಗೆ ಹೋದರು. ಹೊರಗೆ ಬೆಂಚಿನ ಮೇಲೆ ಕೂತು ಬೆವತವಳು ನಾನು. ನರ್ಸಮ್ಮ ನನಗೇ ನೀರು ತಂದುಕೊಟ್ಟರು. ಅದರ ಮಾರನೇ ಬೆಳಿಗ್ಗೆ ಡಾಕ್ಟರು ಕಣ್ಣಿನ ಬಟ್ಟೆ ಬಿಚ್ಚಿದಾಗ ನಾನು ಮುಂದೆ ನಿಂತಿದ್ದೆ, ನನ್ನ ಮುಖ ಮೊದಲು ಕಾಣಲಿ ಎಂದು. ಅತ್ತೆ ಕಣ್ಣು ಮಿಟುಕಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, 'ಅಯ್ಯೋ, ನಿನ್ ತಲೆ ಇಷ್ಟೊಂದು ಬೆಳ್ಳಗಾಗೈತಾ? ಯಾವಾಗಮ್ಮಿ?' ಎಂದರು. ಅವಮಾನದಿಂದ ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಕಪ್ಪು ಕನ್ನಡಕದ ದಿನಗಳು. ಬಗ್ಗುವ ಹಾಗಿಲ್ಲ, ಒಲೆಯ ಹೊಗೆಗೆ ಹೋಗುವ ಹಾಗಿಲ್ಲ. ಒಂದು ಕಣ್ಣು ಚುರುಕು, ಇನ್ನೊಂದು ಮಬ್ಬು. ನೆಲ ಎಷ್ಟು ಆಳದಲ್ಲಿದೆಯೆಂಬ ಅಂದಾಜು ಸಿಗದೆ ಅತ್ತೆ ಒಂದೊಂದು ಕಾಲನ್ನೂ ಎತ್ತಿ, ಸ್ವಲ್ಪ ತಡೆದು, ಮೆಲ್ಲಗೆ ಇಡುತ್ತಿದ್ದರು. ಕೈ ಹಿಡಿದುಕೊಂಡು ನಾನೂ ಅದೇ ಹೆಜ್ಜೆ ಹಾಕುತ್ತಿದ್ದೆ. ಆಲೂರಿನ ಗದ್ದೆಯಲ್ಲಿ ಕಲಿತ ವಿದ್ಯೆ, ಮರೆತಿರಲಿಲ್ಲ. ಕಣದ ಆಚೆಯಿಂದ ಇವರು, 'ಇಬ್ರಿಗೂ ಕಾಲಿಗೆ ಏನಾಯ್ತು?' ಎಂದು ಕೂಗಿದರು. ನಾವು ಮುಂದಿನ ಹೆಜ್ಜೆ ಎತ್ತಿದೆವು.

ಹಾಗೆ ನಡೆಯುತ್ತ ಒಂದು ದಿನ ಮನೆಯ ಹಿಂದಿನ ಸಸಿಮಡಿಯ ಹತ್ತಿರ ಹೋದೆವು. ಕಾಫಿ ಬೀಜ ಮೊಳೆಯುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಮೊದಲು ಒಂದು ಕಡ್ಡಿ ಮೇಲಕ್ಕೆ ಬರುತ್ತದೆ, ತಲೆಯ ಮೇಲೆ ಬೀಜವನ್ನೇ ಹೊತ್ತುಕೊಂಡು, ಹೆಲ್ಮೆಟ್ ಹಾಕಿಕೊಂಡ ಹಾಗೆ. ಎಷ್ಟೋ ದಿನ ಹಾಗೇ ನಿಂತಿರುತ್ತದೆ. ಆಮೇಲೆ ಹೆಲ್ಮೆಟ್ ಕಳಚಿ ಬಿದ್ದು ಎಲೆ ಬಿಡುತ್ತದೆ. ಅತ್ತೆ ಮಡಿಯ ಅಂಚಿನಲ್ಲಿ ನಿಂತರು.

'ಬಗ್ಗಂಗಿಲ್ಲ ಅಂದವ್ರೆ ಡಾಕ್ಟ್ರು. ನೀನು ಬಗ್ಗಿ ನೋಡು. ಎರಡೆಲೆ ಬಂದೈತಾ? ಇದ್ದಂಗೆ ಹೇಳ್ಬೇಕು, ಅವತ್ತು ಓದ್ದಂಗೆ ಓದ್ಬೇಡ.'

ನಾನು ಕೂತು, ಹುಲ್ಲು ಸರಿಸಿ ನೋಡಿದೆ. ಹೆಚ್ಚಿನವು ಇನ್ನೂ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದವು. ಮೂಲೆಯಲ್ಲಿ ಒಂದೇ ಒಂದು, ಎರಡು ದುಂಡನೆಯ ಎಲೆ ಬಿಚ್ಚಿಕೊಂಡಿತ್ತು.

'ಒಂದಕ್ಕೆ ಬಂದಿದೆ ಅತ್ತೆ.'

'ದಿಟವಾಗ್ಲೂ?'

'ಹೋಳಿಗೆ ಆಣೆ.'

ಅತ್ತೆ ನಕ್ಕರು. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ನಗು ಕೆನ್ನೆಯವರೆಗೂ ಬಂದಿತ್ತು.

'ಹಂಗಾದ್ರೆ ಇನ್ನೊಂದು ಕಣ್ಣಿಗೂ ದಿನ ಗೊತ್ತು ಮಾಡಕ್ಕೆ ಹೇಳು ಲೋಕಂಗೆ. ನೀನು ಹಾಸ್ನಕ್ಕೆ ಹೋದಾಗ ಇನ್ನೊಂದು ಕತೆ ಪುಸ್ತಕ ತಗಂಬಾ,' ಎಂದು ಕೈ ಚಾಚಿ ನನ್ನನ್ನು ಎಬ್ಬಿಸಿದರು. 'ಈ ಸಲ ಒಸಿ ಮಳೆ ಬರೋ ಊರಿನ್ ಕತೆ ನೋಡು.'